ಒಸಾಕಾಕ್ಕೆ ಹೋಗುವ ಮುಂಚೆ ಬಾಗಳಿಗೆ ಬನ್ನಿ

ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಮೊದಲ ಸೆಮಿಸ್ಟರಿನ ಮೊದಲ ವಾರದಲ್ಲೇ ಎಲ್ಲರಿಗೂ ಅವರವರ ಊರಿನ ಹೆಸರು ಅಂಟಿಕೊಳ್ಳುತ್ತೆ. ನನ್ನ ರೂಂಮೇಟು ‘ಮೈಸೂರು’. ಎದುರು ರೂಮಿನವನು ‘ಉಡುಪಿ’. ಮೆಸ್ಸಿನಲ್ಲಿ ಅನ್ನ ಜಾಸ್ತಿ ಹಾಕಿಸಿಕೊಳ್ಳುವವನು ‘ಸಿಂಧನೂರು’. ನಾನು ‘ದಾವಣಗೆರೆ’. ಸ್ವಲ್ಪ ದಿನ ಆದ ಮೇಲೆ ಅದು ಉದ್ದ ಆಯ್ತು ಅಂತ ‘ಬೆಣ್ಣೆ’ ಆಯ್ತು.

ತೊಂದರೆ ಏನಂದ್ರೆ, ನಾನು ದಾವಣಗೆರೆಯವನಲ್ಲ.

ನನ್ನೂರು ಬಾಗಳಿ. ಹರಪನಹಳ್ಳಿ ತಾಲೂಕು. ಕಾಲೇಜಿಗೆ ಬಂದ ಮೊದಲ ದಿನ ಒಬ್ಬ ಸೀನಿಯರ್ ಊರು ಯಾವುದು ಅಂತ ಕೇಳಿದ. ಹೇಳಿದೆ. “ಬಾಗಿಲಾ? ಯಾವ ಬಾಗಿಲು, ಮುಂಬಾಗಿಲಾ ಹಿಂಬಾಗಿಲಾ?” ಅಂದ. ಸುತ್ತ ಇದ್ದ ಹತ್ತು ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಕೇಳಿದವನಿಗೆ ದಾವಣಗೆರೆ ಅಂದುಬಿಟ್ಟೆ. ಅವನು “ಓ ಬೆಣ್ಣೆ ದೋಸೆ!” ಅಂತ ಕೈ ಕೊಟ್ಟ. ಅಷ್ಟು ಸುಲಭ ಇತ್ತು.

ಪೂರ್ತಿ ಸುಳ್ಳೂ ಅಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲೂಕನ್ನು 1997ರಲ್ಲಿ ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 371ಜೆ ಸೌಲಭ್ಯದ ಹೋರಾಟದ ನಂತರ 2018ರಲ್ಲಿ ವಾಪಸ್ ಬಳ್ಳಾರಿಗೆ ಸೇರಿಸಿದರು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹಾಗಾಗಿ ನನ್ನ ಪ್ರೈಮರಿ ಸ್ಕೂಲ್ ದಾವಣಗೆರೆ ಜಿಲ್ಲೆ, ಎಸ್ಸೆಸ್ಸೆಲ್ಸಿ ಬಳ್ಳಾರಿ ಜಿಲ್ಲೆ, ಪಿಯುಸಿ ವಿಜಯನಗರ ಜಿಲ್ಲೆ. ಮೂರು ಜಿಲ್ಲೆ ನೋಡಿದೆ, ಮನೆ ಬಿಟ್ಟು ಕದಲಲಿಲ್ಲ. ಇಂಥ ಊರಿನವನು ಒಂದು ಜಿಲ್ಲೆಯ ಹೆಸರು ಹೇಳಿಕೊಂಡರೆ ಏನು ತಪ್ಪು?

ಎರಡೂವರೆ ವರ್ಷ ಹೀಗೇ ಹೋಯಿತು.

2025ರ ಜನವರಿ. ಮೈಸೂರಿಗೆ ಒಸಾಕಾದ ಒಂದು ಲ್ಯಾಬಿನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತ್ತು. ಏಪ್ರಿಲ್‌ನಲ್ಲಿ ಹೊರಡಬೇಕು. ಇವನೋ ಮನೇಲಿ ಮೊಟ್ಟೇನೂ ಮುಟ್ಟದವನು. ಅದಕ್ಕೇ ಊಟದ್ದೇ ಚಿಂತೆ. ರಾತ್ರಿ ಒಂದು ಗಂಟೆವರೆಗೂ ವಿಡಿಯೋ ನೋಡಿ ನೋಡಿ, ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು, ಎಲ್ಲಿ ತಿರುಗಬೇಕು ಅಂತ 14 ಪುಟದ ಲಿಸ್ಟ್ ಮಾಡಿದ್ದ. ಲಿಸ್ಟಿನ ಮೇಲೆ ದೊಡ್ಡದಾಗಿ ‘ಕುಯಿದಾಓರೆ’ ಅಂತ ಬರೆದಿದ್ದ. ಒಸಾಕಾದವರ ಮಾತಂತೆ ಅದು. ತಿಂದು ತಿಂದೇ ದಿವಾಳಿ ಏಳೋದು ಅಂತ ಅರ್ಥ. ಕ್ಯೋಟೋದವರು ಬಟ್ಟೆಗೆ ದುಡ್ಡು ಸುರಿದು ಹಾಳಾಗ್ತಾರೆ, ಒಸಾಕಾದವರು ತಿಂಡಿಗೆ ಸುರಿದು ಹಾಳಾಗ್ತಾರೆ ಅಂತ ಜಪಾನಿನಲ್ಲಿ ಗಾದೆ ಇದೆ.

ಒಂದು ರಾತ್ರಿ ಅವನ ಲ್ಯಾಪ್‌ಟಾಪಿನಲ್ಲಿ ಟಾಕೋಯಾಕಿ ಮಾಡುವ ವಿಡಿಯೋ ಓಡ್ತಿತ್ತು. ಗುಳಿಗುಳಿ ಇರುವ ಕಬ್ಬಿಣದ ಹಂಚು. ಗುಳಿಗೆ ಎಣ್ಣೆ ಸವರಿ, ಹಿಟ್ಟು ಹೊಯ್ದು, ಒಂದು ಬದಿ ಬೆಂದ ಮೇಲೆ ಚೂಪು ಕಡ್ಡಿಯಲ್ಲಿ ಚಕ್ಕನೆ ತಿರುವಿ ಹಾಕುತ್ತಿದ್ದರು.

“ಲೇ, ಇದು ಪಡ್ಡು ಕಣಲೇ” ಅಂದೆ.

“ಒಳಗೆ ಆಕ್ಟೋಪಸ್ ಇದೆ ಗುರು. 1935ರಲ್ಲಿ ಒಸಾಕಾದಲ್ಲೇ ಕಂಡುಹಿಡಿದಿದ್ದು.”

“ಆಕ್ಟೋಪಸ್ ತೆಗೆದರೆ ಪಡ್ಡು. ನಮ್ಮಜ್ಜಿ ಹಂಚು ನೋಡಬೇಕು ನೀನು, ಇದರಪ್ಪ.”

ಮೈಸೂರು ವಿಡಿಯೋ ನಿಲ್ಲಿಸಿದ. “ಒಸಾಕಾಗೆ ನನ್ನ ಹತ್ರ 14 ಪುಟ ಇದೆ. ನಿನ್ನೂರಿಗೆ ಎಷ್ಟು ಪುಟ ಇದೆ ಹೇಳು. ಮೂರು ವರ್ಷ ಆಗ್ತಾ ಬಂತು, ಒಂದು ಸಲಾನೂ ಕರೆದಿಲ್ಲ.”

ಉಡುಪಿ ಬಾಗಿಲಲ್ಲೇ ನಿಂತಿದ್ದ. “ಹೌದು ಮಾರಾಯ. ಬೆಣ್ಣೆ ದೋಸೆಯಾದ್ರೂ ತಿನ್ನಿಸು.”

ಹೀಗೆ ಹೊರಟಿದ್ದು. ಈಗ ಹೇಳುವ ಟಿಪ್ಸ್ ಎಲ್ಲವೂ ಆ ಪ್ರವಾಸದಲ್ಲಿ ನಾನು ತಪ್ಪು ಮಾಡಿ ಕಲಿತದ್ದು ಅಂತ ಮೊದಲೇ ಹೇಳಿಬಿಡ್ತೀನಿ.

ದಾವಣಗೆರೆ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಇಳಿದೆವು. ಬೆಣ್ಣೆ ದೋಸೆ ಆಯಿತು. ಇಲ್ಲಿ ನನ್ನ ಜ್ಞಾನ ಪರವಾಗಿಲ್ಲ. ದೋಸೆಗೆ ಸಾಂಬಾರು ಕೇಳಬೇಡಿ. ಬಿಳಿ ಕೊಬ್ಬರಿ ಚಟ್ನಿ, ಸಪ್ಪೆ ಆಲೂಗಡ್ಡೆ ಪಲ್ಯ, ಅಷ್ಟೇ. ಹಿಟ್ಟಿಗೆ ಅಕ್ಕಿ ಉದ್ದಿನ ಜೊತೆ ಮಂಡಕ್ಕಿ ಹಾಕಿ ರುಬ್ಬುವುದರಿಂದ ದೋಸೆ ಹೊರಗೆ ಗರಿಗರಿ, ಒಳಗೆ ಹತ್ತಿ. ಒಂದಕ್ಕೆ ನಿಲ್ಲಿಸುವವರನ್ನು ನಾನು ನೋಡಿಲ್ಲ.

ಅಲ್ಲಿಂದ ಹರಪನಹಳ್ಳಿ ಬಸ್ಸು ಹತ್ತಿದೆವು. ಇಳಿಯುವಾಗ ಹನ್ನೆರಡೂವರೆ. “ನಮ್ಮ ಕಡೆ ಮಂಡಕ್ಕಿ ಮೆಣಸಿನಕಾಯಿ ತಿಂದು ನೋಡ್ರೋ” ಅಂತ ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದೆ. ಹೋಗಿ ನೋಡಿದರೆ ನನಗೆ ಗೊತ್ತಿದ್ದ ಗಾಡಿಗೆ ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿತ್ತು. ಪಕ್ಕದ ಚಪ್ಪಲಿ ಅಂಗಡಿಯವರು ನನ್ನ ಮುಖ ನೋಡಿ, “ಸಂಜಿಗೆ ಬರ್ರಿ ತಮ್ಮಾ. ಮಟಮಟ ಮಧ್ಯಾಹ್ನ ಯಾರರ ಮೆಣಸಿನಕಾಯಿ ಕರೀತಾರೇನು? ಹೊರಗಿನೋರಾ?” ಅಂದರು.

ಹೊರಗಿನೋರಾ ಅಂತ ನನ್ನನ್ನೇ ಕೇಳಿದರು. ಉಡುಪಿ ಬಿದ್ದು ಬಿದ್ದು ನಕ್ಕ.

ಮೊದಲ ಟಿಪ್ ಇದು: ನಮ್ಮ ಕಡೆ ತಿಂಡಿಗೆ ಜಾಗಕ್ಕಿಂತ ಹೊತ್ತು ಮುಖ್ಯ. ಬೆಳಿಗ್ಗೆ ಇಡ್ಲಿ, ಒಗ್ಗರಣಿ, ಪಡ್ಡು. ಮಧ್ಯಾಹ್ನ ಹೋಟೆಲ್ ಹುಡುಕಬೇಡಿ, ರೊಟ್ಟಿ ಊಟ ಹಾಕುವ ಖಾನಾವಳಿ ಹುಡುಕಿ. ಸಂಜೆ ನಾಲ್ಕರ ಮೇಲೆ ಮೆಣಸಿನಕಾಯಿ ಗಾಡಿಗಳು ಏಳುತ್ತವೆ. ಬೋರ್ಡು ನೋಡಿ ಗಾಡಿ ಆರಿಸಬೇಡಿ, ಎಣ್ಣೆಯ ಬಣ್ಣ ನೋಡಿ. ಮತ್ತೆ ಅಲ್ಲಿ ನಿಂತವರಲ್ಲಿ ಎಷ್ಟು ಜನ ಮನೆಗೆ ಪೊಟ್ಟಣ ಕಟ್ಟಿಸ್ತಿದ್ದಾರೆ ನೋಡಿ. ಮನೆಗೆ ಒಯ್ಯುವವರು ಸುಮ್ಮನೆ ಒಯ್ಯಲ್ಲ.

ಮಧ್ಯಾಹ್ನ ಮನೆ ಸೇರಿದೆವು. ಅಜ್ಜಿ ಒಲೆ ಮುಂದೆ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಕೆನೆಮೊಸರು. ಮೈಸೂರು ಮೂರನೇ ರೊಟ್ಟಿಗೆ “ಸಾಕಜ್ಜಿ” ಅಂದ. ನಮ್ಮ ಮನೆಯಲ್ಲಿ ಆ ಪದಕ್ಕೆ ಬೆಲೆ ಇಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ಒಂದು ಕೈ ಹಿಡಿದರೆ ಅರ್ಧ ರೊಟ್ಟಿ ಬೀಳುತ್ತೆ. ಎರಡೂ ಕೈ ಹಿಡಿದರೆ ಮಾತ್ರ ಅಜ್ಜಿ ನಿಲ್ಲಿಸೋದು. ಇದು ಎರಡನೇ ಟಿಪ್.

ಆಗಲೇ ಉಡುಪಿ ಬಾಯಿ ಬಿಟ್ಟ. “ಅಜ್ಜಿ, ಇವನನ್ನು ನಾವು ಬೆಣ್ಣೆ ಅಂತ ಕರೆಯುದು. ದಾವಣಗೆರೆಯವ ಅಲ್ವಾ, ಅದಕ್ಕೆ.”

ಅಜ್ಜಿ ರೊಟ್ಟಿ ತಟ್ಟುತ್ತಲೇ ಕೇಳಿದಳು. “ದಾವಣಗೇರ್ಯಾಗ ನಮ್ಮೋರು ಯಾರದಾರಪ? ಮೆಕ್ಕೆಜೋಳ ಮಾರಾಕ ಹೋಕ್ಕೀವಿ. ದವಾಖಾನಿಗೆ ಹೋಕ್ಕೀವಿ. ಆಟ ಬಿಟ್ರ ಮತ್ತೇನೈತಿ?”

ಯಾರೂ ಮಾತಾಡಲಿಲ್ಲ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅಜ್ಜಿ ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನ ಕಡೆ ತಿರುಗಿದಳು. “ಊರು ಹೇಳಾಕ ನಾಚಿಕಿ ಬಂತೇನು?”

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಅನ್ನಬಹುದಿತ್ತು. ನಿಜವಾಗಿ ತಿಳಿದುಕೊಳ್ಳಬೇಕು ಅನ್ನೋ ಹಾಗೆ ಕೇಳಿದಳು. ನಾನು “ಹಂಗಲ್ಲಜ್ಜಿ, ಜಿಲ್ಲಾ ಬದಲಾತು...” ಅಂತ ಏನೋ ಶುರು ಮಾಡಿದೆ. ಅವಳು ಬೆಂದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ ಮುಂದಿನ ಹಿಟ್ಟಿನ ಉಂಡೆ ತಗೊಂಡಳು. ಆ ರೊಟ್ಟಿ ಗಂಟಲಲ್ಲಿ ಇಳಿಯಲು ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಆರೂವರೆಗೆ ಕಲ್ಲೇಶ್ವರ ಗುಡಿಗೆ ಹೋದೆವು. ಬಾಗಳಿಯಲ್ಲಿ ನೋಡುವಂಥದ್ದು ಏನಿದೆ ಅಂದರೆ ಎಲ್ಲರೂ ಹೇಳುವುದು ಇದನ್ನೇ. ರಾಷ್ಟ್ರಕೂಟರ ಕಾಲದಲ್ಲಿ, 10ನೇ ಶತಮಾನದಲ್ಲಿ ಶುರುವಾದದ್ದು. ಕಲ್ಯಾಣ ಚಾಲುಕ್ಯರ ಮೊದಲ ದೊರೆ ಇಮ್ಮಡಿ ತೈಲಪನ ಕಾಲದಲ್ಲಿ, 987ರಲ್ಲಿ, ದುಗ್ಗಿಮಯ್ಯ ಎಂಬುವನು ಮುಂದುವರಿಸಿ ಕಟ್ಟಿಸಿದ. ಕಟ್ಟಿದ್ದು ಬಳಪದ ಕಲ್ಲಿನಲ್ಲಿ. ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಲ್ಲಿ ಸಿಕ್ಕ ಶಾಸನಗಳೇ ಮೂವತ್ತಕ್ಕೂ ಹೆಚ್ಚು.

ಇಷ್ಟು ಈಗ ಬರೀತಿದ್ದೀನಿ. ಅವತ್ತು ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಮೈಸೂರು ಸಿವಿಲ್‌ನವನು, ಪ್ರಶ್ನೆ ಮೇಲೆ ಪ್ರಶ್ನೆ. ಯಾವ ಕಾಲ? ಯಾವ ಕಲ್ಲು? ಎಷ್ಟು ಕಂಬ? ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಹುಟ್ಟಿದಾಗಿನಿಂದ ನೋಡಿದ ಬೋರ್ಡು. ಓದಿದ್ದು ಅವತ್ತೇ ಮೊದಲು.

ಆಮೇಲೆ ಒಳಗೆ ಹೋದೆವು. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಆ ಹೊತ್ತಿಗೆ ಎಳೆಬಿಸಿಲು ತೆರೆದ ಮಂಟಪದ ಕಂಬಗಳ ನಡುವೆ ಉದ್ದುದ್ದ ಬೀಳುತ್ತೆ. ಐವತ್ತು ಕಂಬ. ಬಳೆ ತೊಡಿಸಿದ ಹಾಗೆ ಸುತ್ತಲೂ ಗೀರು, ಅಂಚು, ನುಣುಪು. ಚಾಲುಕ್ಯರ ಇಂಥ ಕಂಬಗಳನ್ನು ಲೇತಿನಂಥ ಯಂತ್ರಕ್ಕೆ ಕೊಟ್ಟು ತಿರುವಿ ಕಡೆದರು ಅಂತ ತಿಳಿದವರು ಹೇಳ್ತಾರೆ. ನಾನು ಮೆಕ್ಯಾನಿಕಲ್. ಫಸ್ಟ್ ಇಯರಿನಲ್ಲಿ ಬೆರಳುದ್ದದ ಸ್ಟೀಲ್ ಕಡ್ಡಿಗೆ ಸ್ಟೆಪ್ ಟರ್ನಿಂಗ್ ಮಾಡಲು ಹೋಗಿ ಮೂರು ಸಲ ಜಾಬ್ ಹಾಳು ಮಾಡಿದವನು. ಆಳೆತ್ತರದ ಕಲ್ಲನ್ನು ತಿರುವಿದವರ ಕೆಲಸದ ಮುಂದೆ ನಿಂತಾಗ ಅದೆಲ್ಲ ನೆನಪಾಯಿತು.

“ಇಲ್ಲಿ ನಿನಗೆ ಏನೂ ಗೊತ್ತಿಲ್ವಲ್ಲೋ” ಅಂದ ಮೈಸೂರು. ಹಂಗಿಸಿ ಅಲ್ಲ, ಆಶ್ಚರ್ಯದಿಂದ.

ಗೊತ್ತಿತ್ತು. ಆದರೆ ಬೇರೆ ತರಹ ಗೊತ್ತಿತ್ತು. ಸಣ್ಣವರಿದ್ದಾಗ ನಾವು ಕಂಬದಾಟ ಆಡಿದ್ದು ಇಲ್ಲೇ. ಯಾವ ಕಂಬದ ಹಿಂದೆ ನಿಂತರೆ ಕಳ್ಳನಿಗೆ ಕಾಣಲ್ಲ, ಯಾವ ಕಂಬ ಬೇಸಿಗೆಯ ಮಧ್ಯಾಹ್ನವೂ ಬೆನ್ನಿಗೆ ತಣ್ಣಗಿರುತ್ತೆ, ಎಲ್ಲಿ ಕೂಗಿದರೆ ದನಿ ವಾಪಸ್ ಬರುತ್ತೆ, ಎಲ್ಲಾ ಗೊತ್ತು. ಅವರಿಬ್ಬರನ್ನೂ ಆ ತಣ್ಣನೆ ಕಂಬಕ್ಕೆ ಒರಗಿಸಿ ನಿಲ್ಲಿಸಿದೆ. ಐದು ನಿಮಿಷ ಯಾರೂ ಮೊಬೈಲ್ ತೆಗೀಲಿಲ್ಲ. ಉಡುಪಿ ಕಣ್ಣು ಮುಚ್ಚಿಕೊಂಡು, “ಇದು ಯಾವ ವಿಡಿಯೋದಲ್ಲೂ ಸಿಗ್ಲಿಕ್ಕಿಲ್ಲ ಮಾರಾಯ” ಅಂದ.

ಮೂರನೇ ಟಿಪ್ ಹೀಗಿದೆ. ಗುಡಿಗೆ ಬೆಳಿಗ್ಗೆ ಏಳರೊಳಗೆ ಹೋಗಿ. ಕಲ್ಲು ಕಾದ ಮೇಲೆ ಹೋದರೆ ಬರಿಗಾಲಿಗೆ ಅಂಗಳ ದಾಟೋದೇ ಸಾಹಸ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ. ಗರ್ಭಗುಡಿಯ ಫೋಟೋ ತೆಗೆಯುವ ಮುಂಚೆ ಕೇಳಿ. ಬೋರ್ಡು ಓದಿ. ಆಮೇಲೆ ಅಲ್ಲೇ ಆಡುತ್ತಿರುವ ಹುಡುಗರನ್ನು ಕರೆದು “ಇಲ್ಲಿ ಏನೇನೈತಿ ತೋರಿಸ್ರಲೇ” ಅನ್ನಿ. ಬೋರ್ಡಿನಲ್ಲಿಲ್ಲದ ಗುಡಿ ಅವರ ಹತ್ತಿರ ಇದೆ.

ವಾಪಸ್ ಬಂದಾಗ ಅಜ್ಜಿ ಪಡ್ಡಿನ ಹಂಚು ಒಲೆ ಮೇಲಿಟ್ಟಿದ್ದಳು. ಮೈಸೂರು ಹತ್ತಿರವೇ ಕುಕ್ಕರಗಾಲಲ್ಲಿ ಕೂತ. ಲ್ಯಾಬ್ ವೈವಾ ತರಹ ಅಜ್ಜಿಯೇ ಅವನನ್ನು ಕೇಳಿದಳು, ಅವನು ಅಜ್ಜಿಯನ್ನು ಕೇಳಿದ. ಎಣ್ಣೆ ಎಷ್ಟು? ಗುಳಿಯ ತಳ ನೆನೆಯುವಷ್ಟು. ಯಾವಾಗ ತಿರುವೋದು? ಅಂಚು ತಾನಾಗೇ ಬಿಟ್ಟಾಗ. ಬಿಡದಿದ್ದರೆ? “ಬಿಡತನಕ ಸುಮ್ನ ಕುಂದ್ರೋದು. ಅವಸರ ಮಾಡಿದ್ರ ಹರೀತೈತಿ.” ಹದಿನೆಂಟು ಪಡ್ಡು ತಿಂದ ಅವನು. ನಾನು ಎಣಿಸಿದೀನಿ.

ಅವತ್ತು ಸಂಜೆ ಕೊಟ್ಟೂರಿಗೆ ಹೋದೆವು. ಮಾಘ ಮಾಸದ ರಥೋತ್ಸವಕ್ಕೆ ದಾವಣಗೆರೆಯಿಂದ, ಇನ್ನೂ ದೂರದಿಂದ ಜನ ನಡೆದುಕೊಂಡೇ ಕೊಟ್ಟೂರೇಶ್ವರನ ಸನ್ನಿಧಿಗೆ ಬರುತ್ತಾರೆ. ಜಾತ್ರೆಯ ಗದ್ದಲ ಇಲ್ಲದ ದಿನ ಹೋದರೆ ದರ್ಶನವೂ ನಿಧಾನವಾಗಿ ಆಗುತ್ತೆ, ಮಿರ್ಚಿ ಮಂಡಕ್ಕಿಗೂ ಜಾಗ ಸಿಗುತ್ತೆ. ಕೊಟ್ಟೂರಿನ ಮಿರ್ಚಿ ಮಂಡಕ್ಕಿಗೆ ನಮ್ಮ ಕಡೆ ಬೇರೆಯೇ ಮರ್ಯಾದೆ ಇದೆ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ತಕ್ಷಣ ಹಿಂಡಿ, ಒಗ್ಗರಣೆಗೆ ಹಾಕಿ, ಪುಟಾಣಿ ಪುಡಿ ಉದುರಿಸುತ್ತಾರೆ. ಅದ್ದಿ ಎಷ್ಟು ಹೊತ್ತು ಬಿಡಬೇಕು ಅನ್ನೋದೇ ವಿದ್ಯೆ. ಒಂದು ಕ್ಷಣ ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಥರ್ಮಾಕೋಲು. ಮೆಣಸಿನಕಾಯಿ ಉದ್ದ ಇದ್ದು ಬಣ್ಣ ತಿಳಿ ಇದ್ದರೆ ಖಾರ ಕಡಿಮೆ. ಖಾರ ತಡೆಯದವರು ಕಾಯಿ ಸೀಳಿ ಬೀಜ ತೆಗೆದದ್ದು ಕೇಳಿ. ಅದಕ್ಕೆ ನಾಚಿಕೊಳ್ಳಬೇಡಿ, ಅಲ್ಲಿ ಯಾರೂ ನಗಲ್ಲ. ನೀರು ಕುಡಿಯಬೇಡಿ, ಇನ್ನೊಂದು ಬಾಯಿ ಮಂಡಕ್ಕಿ ಹಾಕಿಕೊಳ್ಳಿ.

ಖಾರಕ್ಕೆ ಮೇಲೆ ಗೋಲಿ ಸೋಡಾ. ಇಲ್ಲಿ ಮೈಸೂರು ಕುಣಿದಾಡಿಬಿಟ್ಟ. “ಇದು ರಾಮುನೆ ಕಣೋ! ನನ್ನ ಲಿಸ್ಟಿನ ಆರನೇ ಪುಟ!” ಜಪಾನಿನ ಬೇಸಿಗೆ ಜಾತ್ರೆಗಳಲ್ಲಿ ಮಾರುವ ರಾಮುನೆ ಬಾಟಲಿ, ನಮ್ಮ ಗೋಲಿ ಸೋಡಾ ಬಾಟಲಿ, ಎರಡೂ ಒಂದೇ ವಂಶ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬುತ್ತಾರೆ. ಗ್ಯಾಸಿನ ಒತ್ತಡ ಗೋಲಿಯನ್ನು ಕುತ್ತಿಗೆಯ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತೆ. ಒಳಗಿನ ಒತ್ತಡವೇ ಬಿರಡೆಯನ್ನು ಕಾಯುತ್ತೆ. ‘ಲೆಮನೇಡ್’ ಅನ್ನೋ ಪದ ಜಪಾನಿನವರ ಬಾಯಲ್ಲಿ ತಿರುಗಿ ‘ರಾಮುನೆ’ ಆಯಿತು, ನಮ್ಮವರು ಕಣ್ಣಿಗೆ ಕಂಡ ಗೋಲಿಯನ್ನೇ ಹೆಸರು ಮಾಡಿದರು. ಕುಡಿಯುವ ಟಿಪ್ ಎರಡೂ ದೇಶಕ್ಕೆ ಒಂದೇ: ಕುತ್ತಿಗೆಯಲ್ಲಿರುವ ಎರಡು ತಗ್ಗು ಕೆಳಬದಿಗೆ ಬರುವ ಹಾಗೆ ಬಾಟಲಿ ಬಗ್ಗಿಸಿ, ಗೋಲಿ ಅಲ್ಲಿ ಸಿಕ್ಕಿಕೊಳ್ಳುತ್ತೆ. ತಿರುಗಾಮುರುಗಾ ಹಿಡಿದರೆ ಗೋಲಿ ಬಾಯಿಗೆ ಅಡ್ಡ ಬಂದು ಸೋಡಾ ಅಂಗಿಗೆ.

ಹೊರಡುವ ದಿನ ಅಜ್ಜಿ ಮೈಸೂರಿನ ಕೈಗೆ ಒಂದು ಗಂಟು ಕೊಟ್ಟಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ. “ಏಪ್ರಿಲ್‌ಗೆ ಹೋಗುವಾಗ ಹೇಳು, ಹೊಸಾದು ಮಾಡಿ ಕಳಸ್ತೀನಿ” ಅಂದಳು. ಕಳಿಸಿಯೂ ಕಳಿಸಿದಳು.

ಏಪ್ರಿಲ್‌ನಲ್ಲಿ ಅವನು ಹೋದ. 14 ಪುಟದ ಲಿಸ್ಟ್ ಮೊದಲ ವಾರದಲ್ಲೇ ಕೈಕೊಟ್ಟಿತು. ಲಿಸ್ಟಿನಲ್ಲಿದ್ದ ಜಾಗಗಳಲ್ಲೆಲ್ಲ ಅದೇ ಲಿಸ್ಟ್ ಹಿಡಿದ ಜನವೇ ಕ್ಯೂ ನಿಂತಿದ್ದರಂತೆ. ದೋತೊಂಬೊರಿ ಕಾಲುವೆ ಪಕ್ಕ ಓಡುತ್ತಿರುವ ಮನುಷ್ಯನ ದೊಡ್ಡ ದೀಪದ ಬೋರ್ಡಿದೆಯಲ್ಲ, ಅದರ ಮುಂದೆ ಫೋಟೋ ತೆಗೆಸಿಕೊಂಡ, ಕಾಲಿಡಲು ಜಾಗ ಇಲ್ಲದೆ ವಾಪಸ್ ಬಂದ. ಒಂದು ಕಡೆ ‘ಮಾಂಸ ಬೇಡ’ ಅಂತ ಹೇಳಿ ತರಕಾರಿ ಒಕೊನೊಮಿಯಾಕಿ ತರಿಸಿಕೊಂಡ. ನಮ್ಮ ಉತ್ತಪ್ಪದ ತರಹದ್ದು. ಮೇಲೆ ಉದುರಿಸಿದ ತೆಳ್ಳನೆ ಚೂರುಗಳು ಬಿಸಿಗೆ ಜೀವ ಬಂದ ಹಾಗೆ ಕುಣೀತಿದ್ದವಂತೆ. ಒಣಗಿಸಿದ ಮೀನು ಅದು. ಅವತ್ತು ರಾತ್ರಿ ಅನ್ನಕ್ಕೆ ಅಜ್ಜಿಯ ಚಟ್ನಿ ಪುಡಿ ಕಲಸಿಕೊಂಡು ತಿಂದು ನನಗೆ ಫೋನ್ ಮಾಡಿದ.

“ನಿಮ್ಮೂರಲ್ಲಿ ಏನು ಮಾಡಿದ್ವಿ ಅಂತ ಯೋಚನೆ ಮಾಡ್ದೆ ಮಗಾ. ಹೊತ್ತು ನೋಡ್ಬೇಕು, ಮನೆಗೆ ಕಟ್ಟಿಸೋರು ಎಲ್ಲಿದ್ದಾರೆ ನೋಡ್ಬೇಕು, ಅಲ್ಲಿರೋರನ್ನ ಕೇಳ್ಬೇಕು. ಅದನ್ನೇ ಇಲ್ಲೂ ಮಾಡ್ತೀನಿ.”

ಆರು ತಿಂಗಳು ಅವನು ಕಳಿಸಿದ ವಾಯ್ಸ್ ನೋಟುಗಳಿಂದ ಆರಿಸಿದ್ದು ಇಷ್ಟು. ನಿಮ್ಮಲ್ಲಿ ಯಾರಾದರೂ ಜಪಾನಿಗೆ ಹೊರಟಿದ್ದರೆ ಉಪಯೋಗ ಆಗಬಹುದು.

ಸಸ್ಯಾಹಾರಿಗಳು ಮಾಂಸ ಬೇಡ ಅಂದರೆ ಸಾಲದು. ಸಾರು, ಸಾಸು, ಹಿಟ್ಟು ಎಲ್ಲದಕ್ಕೂ ‘ದಾಶಿ’ ಎಂಬ ಮೀನಿನ ಕಷಾಯ ಹಾಕ್ತಾರೆ. ಮಾಂಸ, ಮೀನು, ದಾಶಿ ಮೂರೂ ಬೇಡ ಅಂತ ಜಪಾನಿ ಲಿಪಿಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳಿ, ತೋರಿಸಿ. ಬೌದ್ಧ ಮಠಗಳ ಸಂಪ್ರದಾಯದ ‘ಶೋಜಿನ್ ರ‍್ಯೋರಿ’ ಎಂಬ ಊಟ ಸಸ್ಯಾಹಾರ, ಆದರೆ ದುಬಾರಿ, ತಿಂಗಳಿಗೊಮ್ಮೆ ಸಾಕು.

ಊಟ ಕಟ್ಟಿಸುವವರನ್ನು ಹಿಂಬಾಲಿಸಿ. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳ ನೆಲಮಾಳಿಗೆಯಲ್ಲಿ ತಿಂಡಿಯ ಸಂತೆಯೇ ಇರುತ್ತೆ. ಅಂಗಡಿ ಮುಚ್ಚುವ ಹೊತ್ತು ಹತ್ತಿರ ಬಂದ ಹಾಗೆ ಪೊಟ್ಟಣಗಳಿಗೆ ರಿಯಾಯಿತಿ ಚೀಟಿ ಅಂಟಿಸುತ್ತಾರೆ, ಅರ್ಧ ಬೆಲೆಗೂ ಇಳಿಯುತ್ತೆ. ಆಫೀಸು ಮುಗಿಸಿದ ಹೆಂಗಸರು ಆಗಲೇ ಬರೋದು. ವಿದ್ಯಾರ್ಥಿಗಳಿಗೆ ಇದೇ ಸರಿಯಾದ ಹೊತ್ತು.

ತಿರುಗಲು ತೆನ್‌ಜಿಂಬಾಶಿಸುಜಿ ಎಂಬ ಮಾಡು ಹೊದಿಸಿದ ಅಂಗಡಿ ಬೀದಿಗೆ ಹೋಗಿ. ಉದ್ದ ಸುಮಾರು 2.6 ಕಿ.ಮೀ. ಮಳೆ ಬಂದರೂ ಚಿಂತೆ ಇಲ್ಲ. ತರಕಾರಿ, ಚಪ್ಪಲಿ, ಚಹಾಪುಡಿ, ಹಳೇ ಪುಸ್ತಕ, ಎಲ್ಲಾ ಊರಿನವರೇ ಕೊಳ್ಳುವ ಅಂಗಡಿಗಳು. ಶಿತೆನ್ನೋಜಿ ದೇವಾಲಯಕ್ಕೆ ತಿಂಗಳ 21 ಅಥವಾ 22ಕ್ಕೆ ಹೋಗಿ. ಅಂಗಳದಲ್ಲಿ ಹಳೇ ಸಾಮಾನಿನ ಸಂತೆ ನೆರೆಯುತ್ತೆ.

ಎಸ್ಕಲೇಟರಿನಲ್ಲಿ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ತಿನ್ನುತ್ತಾ ನಡೆಯಬೇಡಿ, ಕೊಂಡ ಗಾಡಿಯ ಪಕ್ಕದಲ್ಲೇ ನಿಂತು ತಿಂದು, ಖಾಲಿ ಡಬ್ಬಿ ಅವರಿಗೇ ಕೊಡಿ. ಟಿಪ್ಸ್ ಇಡಬೇಡಿ. ಥ್ಯಾಂಕ್ಸ್‌ಗೆ ‘ಅರಿಗಾತೋ’ ಎಲ್ಲರೂ ಹೇಳುತ್ತಾರೆ. ‘ಓಕಿನಿ’ ಅನ್ನಿ, ಅದು ಆ ಕಡೆಯ ಮಾತು. ಅಂಗಡಿಯ ಅಜ್ಜಿಯರ ಮುಖ ಅರಳುತ್ತೆ. ಕೊಟ್ಟೂರಿನಲ್ಲಿ ಇವನು “ಭಾಳ ಚಲೋ ಐತ್ರಿ” ಅಂದಾಗ ಇನ್ನೊಂದು ಮೆಣಸಿನಕಾಯಿ ಪುಕ್ಕಟೆ ಬಿದ್ದಿತ್ತಲ್ಲ, ಹಾಗೆ.

ಶಿತೆನ್ನೋಜಿಗೆ ಹೋದ ದಿನ ಅವನು ಕಳಿಸಿದ ಸಂದೇಶ ಮಾತ್ರ ಇಟ್ಟುಕೊಂಡಿದ್ದೀನಿ. ಆ ದೇವಾಲಯ ಸ್ಥಾಪನೆಯಾದದ್ದು 593ರಲ್ಲಿ, ರಾಜಕುಮಾರ ಶೋತೊಕು ಕಟ್ಟಿಸಿದ್ದು. ಅದನ್ನು ಕಟ್ಟಲು ಬಂದ ಬಡಗಿಗಳ ಮನೆತನ ‘ಕೊಂಗೊ ಗುಮಿ’ ಎಂಬ ಕಂಪನಿಯಾಗಿ 2006ರವರೆಗೆ ಸ್ವತಂತ್ರವಾಗಿ ನಡೆಯಿತು. ಬೆಂಕಿ, ಬಿರುಗಾಳಿ, ಯುದ್ಧಕ್ಕೆ ಸಿಕ್ಕಿ ಗುಡಿ ಮತ್ತೆ ಮತ್ತೆ ಬಿತ್ತು, ಮತ್ತೆ ಮತ್ತೆ ಕಟ್ಟಿದರು. ಈಗಿರುವ ಮುಖ್ಯ ಕಟ್ಟಡಗಳು 1963ರಲ್ಲಿ ಮುಗಿದ ಕಾಂಕ್ರೀಟು. ಅವನು ಬರೆದಿದ್ದ: “ಇಲ್ಲಿ ಜನ ಕಾಂಕ್ರೀಟಿಗೂ ಹೀಗೆ ಕೈ ಮುಗೀತಾರೆ ಕಣೋ, ಯಾಕಂದ್ರೆ ಬಿಟ್ಟು ಹೋಗಲಿಲ್ಲ, ತಿರುಗಿ ತಿರುಗಿ ಕಟ್ಟಿದರು. ನಿನ್ನೂರಲ್ಲಿ 987ರ ಕಂಬ ಹಾಗೇ ನಿಂತಿದೆ. ನೀನು ಬೋರ್ಡ್ ಓದಿರಲಿಲ್ಲ.”

ಏನು ಉತ್ತರ ಕೊಡೋದು? ಥಂಬ್ಸ್ ಅಪ್ ಹಾಕಿದೆ.

ಆಗಸ್ಟಿನಲ್ಲಿ ಒಂದು ದಿನ ವಿಡಿಯೋ ಕಾಲ್ ಬಂತು. ನಾನು ಊರಲ್ಲಿದ್ದೆ. ಅವನು ಮನೆಗಳಲ್ಲಿ ಬಳಸುವ ಸಣ್ಣ ಟಾಕೋಯಾಕಿ ಹಂಚು ಕೊಂಡಿದ್ದ. ಒಸಾಕಾದಲ್ಲಿ ಬಹಳ ಮನೆಗಳಲ್ಲಿ ಅದು ಇರುತ್ತಂತೆ, ನಮ್ಮಲ್ಲಿ ಪಡ್ಡಿನ ಹಂಚಿನ ಹಾಗೆ. ಕೋಬೆಯ ಇಂಡಿಯನ್ ಅಂಗಡಿಯಿಂದ ಉದ್ದಿನಬೇಳೆ ತಂದು, ಮಿಕ್ಸಿಯಲ್ಲಿ ರುಬ್ಬಿ, ಲ್ಯಾಬಿನ ನಾಲ್ಕು ಜನರನ್ನು ಕೂರಿಸಿಕೊಂಡು ಪಡ್ಡು ಹಾಕುತ್ತಿದ್ದ. ಪಕ್ಕದಲ್ಲಿ ಚಟ್ನಿ ಪುಡಿಯ ಡಬ್ಬಿ, ತಳ ಕಾಣುತ್ತಿತ್ತು. ಫೋನನ್ನು ಅಜ್ಜಿಗೆ ಕೊಟ್ಟೆ. ಅವಳು ಕನ್ನಡಕ ಏರಿಸಿ ನೋಡಿದಳು.

“ಹಂಚು ಕಾದಿಲ್ಲ. ಎಣ್ಣಿ ಕಡಿಮಿ ಆತು. ಏ ತಮ್ಮಾ, ತಿರುವಬ್ಯಾಡ, ಬಿಡತನಕ ಸುಮ್ನ ಕುಂದ್ರು!”

ಅವನು ಕಡ್ಡಿ ಹಿಂದೆ ತಗೊಂಡ. ಜಪಾನಿ ಹುಡುಗರು ಮಾತು ತಿಳಿಯದಿದ್ದರೂ ಕೈ ಹಿಂದೆ ಕಟ್ಟಿ ಕೂತರು. ಅಂಚು ಬಿಟ್ಟಿತು. ತಿರುವಿದ. ಒಂದೂ ಹರಿಯಲಿಲ್ಲ.

“ಅದು ಯಾವೂರಪ?” ಅಜ್ಜಿ ಕೇಳಿದಳು.

“ಒಸಾಕಾ ಅಜ್ಜಿ.”

“ಯಾವ ಜಿಲ್ಲಾ?”

“ಒಸಾಕಾನೇ ಜಿಲ್ಲೆ ಅಜ್ಜಿ.”

“ಬದಲಾಗೇತೇನು?”

“ಇಲ್ಲಜ್ಜಿ.”

“ಛಲೋ ಆತು ಬಿಡು” ಅಂದಳು.

ಅವನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಈ ತಿಂಡಿ ಇಂಡಿಯಾದ ಯಾವ ಊರಿನದು ಅಂತ. ಮೈಸೂರು ಫೋನಿನ ಕಡೆ ನೋಡಿದ. ಅವನೇ ಹೇಳಬಹುದಿತ್ತು. ಹೇಳಲಿಲ್ಲ, ನಾನು ಹೇಳಲಿ ಅಂತ ಬಿಟ್ಟ. ಅಜ್ಜಿ ಪಕ್ಕದಲ್ಲೇ ಕೂತಿದ್ದಳು.

“ಬಾಗಳಿ” ಅಂದೆ.

ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದಳು. ಬಿಡಿಸಿ ಬಿಡಿಸಿ ಹೇಳಿದೆ. ಬಾ-ಗ-ಳಿ. ಅವರಿಗೆ ‘ಳ’ ಹೊರಳುವುದಿಲ್ಲ, ‘ಬಾಗರಿ’ ಅಂದಳು. ಈ ಸಲ ಯಾರೂ ನಗಲಿಲ್ಲ. ಆಮೇಲೆ ಅಜ್ಜಿ ಒಬ್ಬಳೇ ನಕ್ಕಳು, ‘ಳ’ ಕಲಿಸ್ಬೇಕು ಇಕಿಗೆ ಅಂತ.

ಮೈಸೂರು ಅಕ್ಟೋಬರಿನಲ್ಲಿ ವಾಪಸ್ ಬಂದ. ಬರುವಾಗ ನನಗೆ ಖಾಲಿ ರಾಮುನೆ ಬಾಟಲಿ ತಂದುಕೊಟ್ಟ. ಈಗ ಅದು ನನ್ನ ಟೇಬಲ್ ಮೇಲೆ ಕೊಟ್ಟೂರಿನ ಗೋಲಿ ಸೋಡಾ ಬಾಟಲಿಯ ಪಕ್ಕ ಇದೆ. ಗೋಲಿ ಎರಡರಲ್ಲೂ ಕುಲುಕಿದರೆ ಒಂದೇ ಸದ್ದು. ಕಾರಿಡಾರಿನಲ್ಲಿ ಈಗ ನನ್ನನ್ನು ‘ಬಾಗಳಿ’ ಅಂತ ಕರೆಯುತ್ತಾರೆ. ಜೂನಿಯರುಗಳು ‘ಬಾಗಿಲು’ ಅಂತ ತಮಾಷೆ ಮಾಡ್ತಾರೆ, ಮಾಡಲಿ. ಅವರಿಗೂ ಹೇಳಿದ್ದೀನಿ, ನಿಮಗೂ ಹೇಳ್ತೀನಿ: ದಾವಣಗೆರೆಯಲ್ಲಿ ಇಳಿದು ದೋಸೆ ತಿಂದು, ಹರಪನಹಳ್ಳಿ ಬಸ್ಸು ಹತ್ತಿ ಬನ್ನಿ. ಒಂದು ಇಡೀ ದಿನ ಇಟ್ಟುಕೊಳ್ಳಿ, ಬೆಳಿಗ್ಗೆ ಗುಡಿ, ಸಂಜೆ ಕೊಟ್ಟೂರು.

ಬರುವುದಾದರೆ ಎರಡು ದಿನ ಮುಂಚೆ ಹೇಳಿ. ಅಕ್ಕಿ ನೆನೆಹಾಕಿ, ರುಬ್ಬಿ, ರಾತ್ರಿಯಿಡೀ ಹಿಟ್ಟು ಹುಳಿ ಬರಬೇಕು. ಅಜ್ಜಿ ಅವಸರದ ಹಿಟ್ಟಿನಲ್ಲಿ ಪಡ್ಡು ಹಾಕಲ್ಲ.